ಪಿಸ್ಟನ್ನೋ ಡಯಾಫ್ರಮ್ಮೋ: ಡೈವಿಂಗ್ ರೆಗ್ಯುಲೇಟರಿನಲ್ಲಿ ಉಪ್ಪುನೀರನ್ನು ಎಲ್ಲಿ ತಡೆಯೋದು?

ಅಡುಗೆಮನೆಯ ಗ್ಯಾಸ್ ಸಿಲಿಂಡರಿನ ರೆಗ್ಯುಲೇಟರನ್ನು ಒಮ್ಮೆ ಹತ್ತಿರದಿಂದ ನೋಡಿ. ಎಲ್ಲೋ ಒಂದು ಬದಿಯಲ್ಲಿ ಸೂಜಿ ಹೋಗುವಷ್ಟು ಸಣ್ಣ ತೂತು ಇರುತ್ತದೆ. ಅದು ಗ್ಯಾಸ್ ಹೊರಗೆ ಬರಲಿಕ್ಕೆ ಮಾಡಿದ ತೂತಲ್ಲ. ಹೊರಗಿನ ಗಾಳಿ ಒಳಗಿನ ರಬ್ಬರ್ ಹಾಳೆಯ ಬೆನ್ನು ಮುಟ್ಟಲಿಕ್ಕೆ ಇಟ್ಟ ದಾರಿ.

ಆ ರಬ್ಬರ್ ಹಾಳೆಗೇ ಡಯಾಫ್ರಮ್ ಅನ್ನುವುದು. ಹಾಳೆಯ ಒಂದು ಬದಿಯಲ್ಲಿ ಗ್ಯಾಸ್. ಇನ್ನೊಂದು ಬದಿಯಲ್ಲಿ ಒಂದು ಸ್ಪ್ರಿಂಗ್ ಮತ್ತು ಹೊರಗಿನ ಗಾಳಿ. ಒಲೆ ಹಚ್ಚಿದಾಗ ಗ್ಯಾಸಿನ ಬದಿಯ ಒತ್ತಡ ಸ್ವಲ್ಪ ಇಳಿಯುತ್ತದೆ. ಸ್ಪ್ರಿಂಗ್ ಹಾಳೆಯನ್ನು ಒಳಗೆ ದೂಡುತ್ತದೆ, ವಾಲ್ವ್ ತೆರೆಯುತ್ತದೆ, ಗ್ಯಾಸ್ ಬರುತ್ತದೆ. ಒಲೆ ಆರಿಸಿದರೆ ಒತ್ತಡ ಏರಿ ಹಾಳೆ ಹಿಂದೆ ಸರಿಯುತ್ತದೆ, ವಾಲ್ವ್ ಮುಚ್ಚುತ್ತದೆ. ಇಷ್ಟೇ.

ಈಗ ಆ ಸಣ್ಣ ತೂತಿನಲ್ಲಿ ಗಾಳಿಯ ಬದಲು ಸಮುದ್ರದ ನೀರು ನುಗ್ಗಿದರೆ ಏನಾಗಬಹುದು? ಆಳಕ್ಕೆ ಹೋದಷ್ಟೂ ನೀರು ಹಾಳೆಯನ್ನು ಜಾಸ್ತಿ ಒತ್ತುತ್ತದೆ, ಒಳಗಿನಿಂದ ಬರುವ ಗಾಳಿಯ ಒತ್ತಡವೂ ಅಷ್ಟೇ ಏರುತ್ತದೆ. ಡೈವಿಂಗ್ ರೆಗ್ಯುಲೇಟರಿನ ಹುಟ್ಟು ಇಲ್ಲೇ ಇದೆ. ಇದು ಬರೀ ಹೋಲಿಕೆ ಅಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸಿನಲ್ಲಿ ಪೆಟ್ರೋಲ್ ಸಿಗುತ್ತಿರಲಿಲ್ಲ. ಕಾರುಗಳನ್ನು ಗ್ಯಾಸಿನಲ್ಲಿ ಓಡಿಸಲು ಎಮಿಲ್ ಗಾನ್ಯಾನ್ ಎಂಬ ಇಂಜಿನಿಯರ್ ಒಂದು ರೆಗ್ಯುಲೇಟರ್ ಮಾಡಿದ್ದರು. ನೌಕಾಪಡೆಯ ಅಧಿಕಾರಿ ಜಾಕ್ ಕೂಸ್ಟೋ ಜೊತೆ ಸೇರಿ ಅದನ್ನೇ ತಿದ್ದಿ 1943ರಲ್ಲಿ ನೀರಿನಡಿ ಉಸಿರಾಡುವ ಆಕ್ವಾಲಂಗ್ ಮಾಡಿದರು. ಅಂದರೆ ನೀರಿನಡಿ ನಾವು ಬಾಯಲ್ಲಿ ಕಚ್ಚಿಕೊಳ್ಳುವ ಸಾಮಾನು ಅಡುಗೆಮನೆಯ ರೆಗ್ಯುಲೇಟರಿನ ದಾಯಾದಿ.

ನನ್ನ ಊರು ಬದಿಯಡ್ಕದ ಹತ್ತಿರ. ಅಡಿಕೆ ತೋಟ. ಕಾಸರಗೋಡಿನವರಾದರೂ ಸಮುದ್ರ ನಮಗೆ ಮೀನಿನ ಗಾಡಿಯ ಹಾರ್ನ್ ಕೇಳಿದಾಗ ನೆನಪಾಗುವ ವಿಷಯ. ಕೆಲವು ವರ್ಷಗಳ ಹಿಂದೆ ಮುರುಡೇಶ್ವರಕ್ಕೆ ಹೋದವನು ಅಲ್ಲಿನ ನೇತ್ರಾಣಿ ದ್ವೀಪದ ಹತ್ತಿರ ಸುಮ್ನೆ ಒಮ್ಮೆ ನೀರಿಗಿಳಿದೆ. ಆ ಮೇಲೆ ಹುಚ್ಚು ಹಿಡಿಯಿತು. ಕೋರ್ಸ್ ಮಾಡಿದೆ, ಸ್ವಂತ ರೆಗ್ಯುಲೇಟರ್ ತಗೊಂಡೆ. ಈಗ ಡೈವಿಂಗ್ ಕಲಿತ ಪರಿಚಯದವರೆಲ್ಲ ಕೇಳುವುದು ಒಂದೇ ಪ್ರಶ್ನೆ: ಪಿಸ್ಟನ್ ತಗೊಳ್ಳೋದಾ, ಡಯಾಫ್ರಮ್ ತಗೊಳ್ಳೋದಾ? ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿ ಈಗ ಬರೆದೇ ಬಿಡುತ್ತಿದ್ದೇನೆ.

ಮೊದಲು ಒತ್ತಡದ ಲೆಕ್ಕ. ಸಮುದ್ರದ ಮೇಲೆ ನಮ್ಮನ್ನು ಒತ್ತುವ ಗಾಳಿ ಸುಮಾರು 1 ಬಾರ್. ನೀರಿನಲ್ಲಿ ಪ್ರತಿ 10 ಮೀಟರಿಗೆ ಇನ್ನೊಂದು ಬಾರ್ ಸೇರುತ್ತದೆ. 20 ಮೀಟರಿನಲ್ಲಿ 3 ಬಾರ್. ಅಲ್ಲಿ ಎದೆಯನ್ನು ನೀರು ಅಷ್ಟು ಒತ್ತುತ್ತಿರುವಾಗ ಮೇಲಿನಿಂದ ಒಂದು ಪೈಪ್ ಇಳಿಬಿಟ್ಟು ಉಸಿರು ಎಳೆಯಲು ಆಗುವುದಿಲ್ಲ. ಒಂದು ಮೀಟರ್ ಆಳದಲ್ಲೇ ಕಷ್ಟ. ಬಾಯಿಗೆ ಬರುವ ಗಾಳಿ ಸುತ್ತಲಿನ ನೀರಿನ ಒತ್ತಡಕ್ಕೆ ಸರಿಯಾಗಿರಬೇಕು. ಆದರೆ ಬೆನ್ನಿನ ಸಿಲಿಂಡರಿನಲ್ಲಿ ಇರುವುದು 200 ಬಾರ್. ಅದನ್ನು ನೇರವಾಗಿ ಬಾಯಿಗೆ ಬಿಟ್ಟರೆ ಶ್ವಾಸಕೋಶ ಉಳಿಯುವುದಿಲ್ಲ.

ಹಾಗಾಗಿ ಒತ್ತಡವನ್ನು ಎರಡು ಮೆಟ್ಟಿಲಿನಲ್ಲಿ ಇಳಿಸುತ್ತಾರೆ. ಸಿಲಿಂಡರಿನ ಮೇಲೆ ಕೂರುವ ಲೋಹದ ಗಟ್ಟಿ ತುಂಡು ಫಸ್ಟ್ ಸ್ಟೇಜ್. ಅದು 200 ಬಾರನ್ನು ಸುತ್ತಲಿನ ಒತ್ತಡಕ್ಕಿಂತ 9ರಿಂದ 10 ಬಾರ್ ಹೆಚ್ಚು ಎಂಬಲ್ಲಿಗೆ ತರುತ್ತದೆ. ಇದಕ್ಕೆ ಮಧ್ಯದ ಒತ್ತಡ ಅನ್ನೋಣ. ಬಾಯಲ್ಲಿ ಕಚ್ಚುವ ಸೆಕೆಂಡ್ ಸ್ಟೇಜ್ ಉಳಿದದ್ದನ್ನು ಇಳಿಸಿ ನೀವು ಉಸಿರೆಳೆದಾಗ ಮಾತ್ರ ಗಾಳಿ ಕೊಡುತ್ತದೆ.

ಇಲ್ಲಿ ಹೊಸಬರು ಎಡವುವ ಒಂದು ಕಲ್ಲಿದೆ. ಪಿಸ್ಟನ್, ಡಯಾಫ್ರಮ್ ಎಂಬ ಎರಡು ಹೆಸರು ಫಸ್ಟ್ ಸ್ಟೇಜಿಗೆ ಮಾತ್ರ. ಸೆಕೆಂಡ್ ಸ್ಟೇಜಿನಲ್ಲಿ ಹೆಚ್ಚುಕಮ್ಮಿ ಯಾವಾಗಲೂ ಒಂದು ತೆಳುವಾದ ಡಯಾಫ್ರಮ್ ಇರುತ್ತದೆ. "ನನ್ನದು ಪಿಸ್ಟನ್ ಅಲ್ವಾ, ಮತ್ತೆ ಬಾಯಿಯದ್ದರಲ್ಲಿ ರಬ್ಬರ್ ಯಾಕೆ?" ಎಂದು ನಾನೇ ಒಂದು ಕಾಲದಲ್ಲಿ ಕೇಳಿದ್ದೆ.

ಈಗ ಪಿಸ್ಟನ್ನಿಗೆ ಬರೋಣ. ನಮ್ಮ ಕಡೆಯವರಿಗೆ ಇದು ಸಲೀಸು. ಮಳೆಗಾಲದ ಮೊದಲು ಅಡಿಕೆಗೆ ಮದ್ದು ಬಿಡುವ ಪಂಪನ್ನು ಬಿಚ್ಚಿ ನೋಡಿದವರಿಗೆ ಪಿಸ್ಟನ್ ಅಂದರೆ ಏನೆಂದು ಹೇಳಬೇಕಾಗಿಲ್ಲ. ಒಂದು ಕೊಳವೆ, ಅದರೊಳಗೆ ಬಿಗಿಯಾಗಿ ಹಿಂದೆ ಮುಂದೆ ಹೋಗುವ ತುಂಡು, ಸಂದಿಯಲ್ಲಿ ಸೋರದ ಹಾಗೆ ವಾಷರ್. ರೆಗ್ಯುಲೇಟರಿನ ಪಿಸ್ಟನ್ ಬೆರಳಿನಷ್ಟು ಉದ್ದ ಇರುತ್ತದೆ. ಅಗಲ ತಲೆಯ ಒಂದು ಮೊಳೆಯನ್ನು ಉದ್ದಕ್ಕೆ ಕೊರೆದು ಟೊಳ್ಳು ಮಾಡಿದ ಹಾಗೆ. ಮೊಳೆಯ ತುದಿ ಚೂಪಾದ ಬಳೆಯಂತೆ ಇದ್ದು, ಪ್ಲಾಸ್ಟಿಕ್ಕಿನ ಸಣ್ಣ ಬಿಲ್ಲೆಯ ಮೇಲೆ ಕೂರುತ್ತದೆ. ಕೂತರೆ ಗಾಳಿ ಬಂದ್, ಎದ್ದರೆ ಗಾಳಿ ಚಾಲೂ.

ಎಬ್ಬಿಸುವುದು ಸ್ಪ್ರಿಂಗ್. ಕೂರಿಸುವುದು ಗಾಳಿಯೇ. ಟೊಳ್ಳು ಮೊಳೆಯೊಳಗೆ ನುಗ್ಗಿದ ಗಾಳಿ ಆ ಕಡೆ ಹೋಗಿ ತಲೆಯ ಮೇಲೆ ತುಂಬಿಕೊಳ್ಳುತ್ತದೆ. ಅಲ್ಲಿ ಒತ್ತಡ ಸಾಕಷ್ಟಾದಾಗ ತಲೆಯನ್ನು ಒತ್ತಿ ಮೊಳೆಯನ್ನು ಬಿಲ್ಲೆಗೆ ಕೂರಿಸುತ್ತದೆ. ನೀವು ಉಸಿರೆಳೆದ ಕೂಡಲೇ ಒತ್ತಡ ಇಳಿಯುತ್ತದೆ, ಸ್ಪ್ರಿಂಗ್ ಮತ್ತೆ ಎಬ್ಬಿಸುತ್ತದೆ. ಸ್ಪ್ರಿಂಗ್ ಇರುವ ಕೋಣೆಗೆ ಹೊರಗಿನಿಂದ ತೂತುಗಳಿವೆ. ಅದರಲ್ಲಿ ಸಮುದ್ರದ ನೀರು ಬಂದು ಸ್ಪ್ರಿಂಗಿನ ಜೊತೆ ತಾನೂ ತಲೆಯನ್ನು ಒತ್ತುತ್ತದೆ. 20 ಮೀಟರಿಗೆ ಹೋದರೆ ನೀರು 2 ಬಾರ್ ಜಾಸ್ತಿ ಒತ್ತುತ್ತದೆ, ಮಧ್ಯದ ಒತ್ತಡವೂ ತಾನಾಗಿಯೇ 2 ಬಾರ್ ಏರುತ್ತದೆ. ಆಳದ ಲೆಕ್ಕ ಮಾಡಲು ಬೇರೆ ಯಂತ್ರ ಬೇಡ.

ತೀರಾ ಸರಳವಾದ ಪಿಸ್ಟನ್ನಿನಲ್ಲಿ ಒಂದು ಕೊರತೆ ಇದೆ. ಸಿಲಿಂಡರಿನ ಒತ್ತಡ ನೇರವಾಗಿ ವಾಲ್ವಿನ ಬಾಯಿಯನ್ನು ತೆರೆಯುವ ಕಡೆಗೆ ದೂಡುತ್ತಿರುತ್ತದೆ. ಬಾಯಿ 3 ಮಿಲಿಮೀಟರ್ ಅಗಲ ಎಂದು ಇಟ್ಟುಕೊಳ್ಳಿ. 200 ಬಾರಿನಲ್ಲಿ ಅಷ್ಟು ಸಣ್ಣ ಜಾಗದ ಮೇಲೆ ಬೀಳುವ ಬಲ ಸುಮಾರು 14 ಕಿಲೋ. ಸಿಲಿಂಡರ್ 50 ಬಾರಿಗೆ ಇಳಿದಾಗ ಮೂರೂವರೆ ಕಿಲೋ. ಹತ್ತು ಕಿಲೋಗಿಂತ ಹೆಚ್ಚು ಸಹಾಯ ಕೈತಪ್ಪಿತು. ಪಿಸ್ಟನ್ನಿನ ತಲೆ 25 ಮಿಲಿಮೀಟರ್ ಅಗಲ ಇದ್ದರೆ ಮಧ್ಯದ ಒತ್ತಡ ಸುಮಾರು 2 ಬಾರ್ ಕಡಿಮೆಯಾಗುತ್ತದೆ. ಡೈವಿನ ಕೊನೆಗೆ ಉಸಿರೆಳೆಯುವುದು ಸ್ವಲ್ಪ ಬಿಗಿ ಅನ್ನಿಸುವುದು ಇದರಿಂದ. ಸ್ಕೂಬಾಪ್ರೋ ಕಂಪನಿಯ ಎಂಕೆ2 ಈ ಜಾತಿಯದ್ದು. ಬೈಯುವ ಹಾಗೇನೂ ಇಲ್ಲ. ಒಳಗೆ ಇರುವ ತುಂಡುಗಳು ಕಡಿಮೆ, ಕೆಡುವುದೂ ಕಡಿಮೆ.

ಇದನ್ನು ಸರಿಮಾಡಿದ್ದೇ ಬ್ಯಾಲೆನ್ಸ್ಡ್ ಪಿಸ್ಟನ್. ಸಿಲಿಂಡರಿನ ಗಾಳಿಯನ್ನು ಮೊಳೆಯ ತುದಿಗೆ ಎದುರಿನಿಂದ ಬಿಡದೆ ಮೊಳೆಯ ಸುತ್ತ ಪಕ್ಕದಿಂದ ಬಿಡುತ್ತಾರೆ. ಪಕ್ಕದಿಂದ ಒತ್ತಿದರೆ ಮೊಳೆ ಏಳುವುದೂ ಇಲ್ಲ, ಕೂರುವುದೂ ಇಲ್ಲ. ಹಾಗಾಗಿ ಸಿಲಿಂಡರ್ ತುಂಬಿದ್ದರೂ ಮುಗಿಯುತ್ತಾ ಬಂದರೂ ಉಸಿರು ಒಂದೇ ಥರ. ಸ್ಕೂಬಾಪ್ರೋದ್ದೇ ಎಂಕೆ25 ಹೀಗೆಯೇ. ಅಟಾಮಿಕ್ ಆಕ್ವಾಟಿಕ್ಸ್ ಕಂಪನಿಯ ಹೆಸರಾದ ಮಾದರಿಗಳೂ ಪಿಸ್ಟನ್ನೇ. ಆದರೆ ಇದಕ್ಕೊಂದು ಬೆಲೆ ಇದೆ. ಮೊಳೆಯ ಸುತ್ತ 200 ಬಾರ್ ಇರುವಾಗ ಆ ಗಾಳಿ ಸ್ಪ್ರಿಂಗ್ ಕೋಣೆಗೆ ನುಗ್ಗದಂತೆ ತಡೆಯಲು ಮೊಳೆಗೆ ಒಂದು ಪುಟ್ಟ ಓ ರಿಂಗ್, ಅಂದರೆ ರಬ್ಬರ್ ಬಳೆ, ಹಾಕಬೇಕು. ಒಂದು ಬದಿ 200 ಬಾರ್ ಗಾಳಿ, ಇನ್ನೊಂದು ಬದಿ ಉಪ್ಪುನೀರು, ನಡುವೆ ಪ್ರತಿ ಉಸಿರಿಗೂ ಉಜ್ಜಿಕೊಂಡು ಹೋಗುವ ಮೊಳೆ. ಆ ಓ ರಿಂಗಿನ ಪಾಡು ಯೋಚಿಸಿ.

ಡಯಾಫ್ರಮ್ ಫಸ್ಟ್ ಸ್ಟೇಜಿನಲ್ಲಿ ಈ ತಾಪತ್ರಯ ಇಲ್ಲ. ಇಲ್ಲಿ ದಪ್ಪ ರಬ್ಬರಿನ ಒಂದು ಹಾಳೆಯನ್ನು ಅಂಚಿನಲ್ಲಿ ಬಿಗಿಯಾಗಿ ಕಚ್ಚಿ ಹಿಡಿಸಿರುತ್ತಾರೆ. ಹೊರಬದಿಯಲ್ಲಿ ಸ್ಪ್ರಿಂಗ್ ಮತ್ತು ನೀರು, ಒಳಬದಿಯಲ್ಲಿ ಮಧ್ಯದ ಒತ್ತಡದ ಗಾಳಿ. ಹಾಳೆಗೆ ತಾಗಿ ನಿಂತ ಒಂದು ಕಡ್ಡಿ ವಾಲ್ವನ್ನು ದೂಡಿ ತೆರೆಯುತ್ತದೆ. ಸಾಕ್ಷಾತ್ ಅಡುಗೆಮನೆಯ ಲೆಕ್ಕ. ಏಪೆಕ್ಸ್ ಕಂಪನಿಯ ಹೆಸರಾದ ಫಸ್ಟ್ ಸ್ಟೇಜುಗಳು ಈ ಬಗೆಯವು. ಪಿಸ್ಟನ್ನಿಗೆ ಹೆಸರಾದ ಸ್ಕೂಬಾಪ್ರೋದಲ್ಲೂ ಎಂಕೆ17 ಡಯಾಫ್ರಮ್ಮೇ. ವಾಲ್ವಿನ ಬಾಲವನ್ನು ಹಿಂದೆ ಒಂದು ಸಣ್ಣ ಕೋಣೆಯೊಳಗೆ ಬಿಟ್ಟು ಎರಡು ಕಡೆಯ ತಳ್ಳಾಟ ಸಮ ಮಾಡುತ್ತಾರೆ. ಈಗ ಮಾರುಕಟ್ಟೆಯಲ್ಲಿ ಸಿಗುವ ಹೆಚ್ಚಿನ ಡಯಾಫ್ರಮ್‌ಗಳು ಹೀಗೆ ಬ್ಯಾಲೆನ್ಸ್ ಆದವು.

ನೋಡಿ, ವ್ಯತ್ಯಾಸ ಇಲ್ಲಿದೆ. ಎರಡರಲ್ಲೂ ಸ್ಪ್ರಿಂಗ್ ಇದೆ, ಎರಡಕ್ಕೂ ನೀರಿನ ಒತ್ತಡ ಗೊತ್ತಾಗುತ್ತದೆ. ಆದರೆ ಪಿಸ್ಟನ್ನಿನಲ್ಲಿ ನೀರು ನಡುಮನೆಯವರೆಗೆ ಬರುತ್ತದೆ, ಓಡಾಡುವ ತುಂಡನ್ನೇ ಮುಟ್ಟುತ್ತದೆ. ಡಯಾಫ್ರಮ್ಮಿನಲ್ಲಿ ನೀರಿಗೆ ಜಗಲಿಯವರೆಗೆ ಮಾತ್ರ ಪ್ರವೇಶ. ವಾಲ್ವ್, ಕಡ್ಡಿ, ಬಿಲ್ಲೆ ಎಲ್ಲ ರಬ್ಬರ್ ಗೋಡೆಯ ಆಚೆ ಒಣಗಿಯೇ ಇರುತ್ತವೆ. ಸೀಲ್ ಮಾಡಿದ ಮಾದರಿಗಳಲ್ಲಿ ಜಗಲಿಗೂ ಬಿಡುವುದಿಲ್ಲ. ಹೊರಗೆ ಇನ್ನೊಂದು ತೆಳು ರಬ್ಬರ್ ಹಾಕಿ, ಅದರ ಒತ್ತಡವನ್ನು ಒಂದು ಗುಂಡಿ ಅಥವಾ ಕಡ್ಡಿಯ ಮೂಲಕ ಒಳಗಿನ ಹಾಳೆಗೆ ಮುಟ್ಟಿಸುತ್ತಾರೆ. ಸ್ಪ್ರಿಂಗಿಗೂ ನೀರು ತಾಗುವುದಿಲ್ಲ. ಉಳಿದ ಎಲ್ಲ ವಾದಗಳು ಈ ಒಂದು ಮಾತಿನಿಂದ ಹುಟ್ಟುತ್ತವೆ.

ಇದು ನನಗೆ ಪುಸ್ತಕದಿಂದ ತಿಳಿದದ್ದಲ್ಲ. ನನ್ನ ಮೊದಲ ರೆಗ್ಯುಲೇಟರ್ ಸೆಕೆಂಡ್ ಹ್ಯಾಂಡ್ ಬ್ಯಾಲೆನ್ಸ್ಡ್ ಪಿಸ್ಟನ್. ಮೇ ತಿಂಗಳ ಕೊನೆಯ ಡೈವ್ ಮುಗಿಸಿ ರಾತ್ರಿ ಊರಿಗೆ ಬಂದವನು ಚೀಲವನ್ನು ಹಾಗೆಯೇ ಅಟ್ಟಕ್ಕೆ ಹಾಕಿದೆ. ಮರುದಿನ ಮದ್ದು ಬಿಡುವವರು ಬರುವುದಿತ್ತು. ಮೈಲುತುತ್ತು, ಸುಣ್ಣ, ಡ್ರಮ್, ಏಣಿ ಅಂತ ಓಡಾಡುವುದರಲ್ಲಿ ಚೀಲ ಮರೆತೇ ಹೋಯಿತು. ಆಮೇಲೆ ಮಳೆ ಹಿಡಿಯಿತು. ನಮ್ಮ ಕಡೆಯ ಮಳೆಗಾಲ ಗೊತ್ತಲ್ಲ, ಅಟ್ಟದಲ್ಲಿಟ್ಟ ಚಪ್ಪಲಿಗೂ ಬೂಸ್ಟು ಬರುತ್ತದೆ.

ಅಕ್ಟೋಬರಿನಲ್ಲಿ ಮುರುಡೇಶ್ವರಕ್ಕೆ ಹೋಗಿ ಸಿಲಿಂಡರಿಗೆ ಸಿಕ್ಕಿಸಿ ವಾಲ್ವ್ ತೆರೆದರೆ ಸ್ಸ್ ಎಂಬ ಸಣ್ಣ ಸದ್ದು. ಬಕೆಟ್ ನೀರಿನಲ್ಲಿ ಮುಳುಗಿಸಿದಾಗ ಫಸ್ಟ್ ಸ್ಟೇಜಿನ ತೂತುಗಳಿಂದ ಸಾಸಿವೆ ಕಾಳಿನಂಥ ಗುಳ್ಳೆಗಳ ಸಾಲು. ಅದೃಷ್ಟಕ್ಕೆ ಇನ್ನೂ ದೋಣಿ ಹತ್ತಿರಲಿಲ್ಲ. ರಿಪೇರಿ ಮಾಡುವವರು ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಅದನ್ನು ಬಿಚ್ಚಿದರು. ಸ್ಪ್ರಿಂಗಿನ ಸುತ್ತುಗಳ ನಡುವೆ ಕಲ್ಲುಪ್ಪಿನ ಹಾಗೆ ಹರಳು. ಕೋಣೆಯ ಗೋಡೆಯಲ್ಲಿ ಕ್ರೋಮ್ ಎದ್ದು ಹಿತ್ತಾಳೆ ಕಾಣುವಲ್ಲಿ ಹಸಿರು ನೀಲಿ ಕಿಲುಬು. ಅವರು ಅದನ್ನು ಬೆಳಕಿಗೆ ಹಿಡಿದು, "ಎಂತ ಮಾರಾಯ್ರೆ, ಮೈಲುತುತ್ತಿನ ಡ್ರಮ್ಮಿಗೆ ಅದ್ದಿದ್ರಾ?" ಅಂದರು.

ತಮಾಷೆಗೆ ಅಂದದ್ದಾದರೂ ಮಾತು ಪೂರ್ತಿ ಸುಳ್ಳಲ್ಲ. ಹಿತ್ತಾಳೆಯಲ್ಲಿ ಇರುವುದು ತಾಮ್ರ, ಮೈಲುತುತ್ತಿನಲ್ಲಿ ಇರುವುದೂ ತಾಮ್ರ. ಉಪ್ಪು ಮತ್ತು ತೇವ ಸೇರಿದರೆ ಹಿತ್ತಾಳೆ ಅದೇ ಬಣ್ಣಕ್ಕೆ ತಿರುಗುತ್ತದೆ. ಮೊಳೆಯ ಓ ರಿಂಗನ್ನು ಚಿಮಟದಲ್ಲಿ ಎತ್ತಿ ಭೂತಗನ್ನಡಿಯಲ್ಲಿ ತೋರಿಸಿದರು. ಒಳಸುತ್ತಿನಲ್ಲಿ ಉಗುರಿನಿಂದ ಗೀರಿದಂಥ ಒಂದು ಗೆರೆ. ಉಪ್ಪಿನ ಹರಳು ಮೊಳೆಗೆ ಅಂಟಿಕೊಂಡು ಮರಳುಕಾಗದದ ಹಾಗೆ ಅದನ್ನು ಉಜ್ಜಿತ್ತು. ತಪ್ಪು ರೆಗ್ಯುಲೇಟರಿನದ್ದಲ್ಲ, ನನ್ನದೇ. ಆದರೆ ಅದೇ ತಪ್ಪನ್ನು ಸೀಲ್ ಮಾಡಿದ ಡಯಾಫ್ರಮ್ ಬಹುಶಃ ಕ್ಷಮಿಸುತ್ತಿತ್ತು. ಬಾವಿಯಿಂದ ಎರಡು ಕೊಡಪಾನ ನೀರು ಎತ್ತಿ ಸುರಿದಿದ್ದರೆ ಪಿಸ್ಟನ್ನೂ ಕ್ಷಮಿಸುತ್ತಿತ್ತು ಅನ್ನಿ.

ವಿದೇಶದವರು ಡಯಾಫ್ರಮ್ ಹೊಗಳುವುದು ಬೇರೆ ಕಾರಣಕ್ಕೆ. ಅದು ಚಳಿ. ಒತ್ತಡದ ಗಾಳಿ ಒಮ್ಮೆಲೇ ಹಿಗ್ಗಿದರೆ ತಣ್ಣಗಾಗುತ್ತದೆ. ಹಿಮದ ನಾಡಿನ ಕೆರೆಯಲ್ಲಿ ಆ ತಂಪಿಗೆ ಸ್ಪ್ರಿಂಗ್ ಕೋಣೆಯ ನೀರೇ ಮಂಜುಗಡ್ಡೆಯಾಗಿ ಪಿಸ್ಟನ್ ತೆರೆದುಕೊಂಡೇ ಸಿಕ್ಕಿಬೀಳಬಹುದು. ಆಗ ಗಾಳಿ ನಿಲ್ಲದೆ ಹರಿದು ಸಿಲಿಂಡರ್ ಖಾಲಿಯಾಗುತ್ತದೆ. ಯುರೋಪಿನ ಇಎನ್ 250 ಮಾನದಂಡದಲ್ಲಿ 10 ಡಿಗ್ರಿಗಿಂತ ತಣ್ಣನೆಯ ನೀರಿಗೆ ಬೇರೆಯೇ ಪರೀಕ್ಷೆ ಇದೆ. ನಮ್ಮ ಅರಬ್ಬಿ ಸಮುದ್ರದಲ್ಲಿ ಡೈವಿಂಗ್ ಕಾಲದಲ್ಲಿ ನೀರು 25 ಡಿಗ್ರಿಗಿಂತ ಇಳಿಯುವುದೇ ಅಪರೂಪ. ಹಾಗಾಗಿ "ತಣ್ಣೀರಿಗೂ ಆಗುತ್ತದೆ" ಎಂಬುದಕ್ಕೆ ನಾವು ಹೆಚ್ಚು ದುಡ್ಡು ಕೊಡಬೇಕಾಗಿಲ್ಲ.

ನಮಗೆ ಇರುವ ತೊಂದರೆ ಕೆಸರು ಮತ್ತು ಮರಳಿನದ್ದು. ಕಾಸರಗೋಡು ಜಿಲ್ಲೆ ಒಂದರಲ್ಲೇ 12 ಹೊಳೆಗಳು ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇವೆ. ಮಳೆಗಾಲದಲ್ಲಿ ಚಂದ್ರಗಿರಿ ಕೆಂಪುಕಲ್ಲಿನ ಮಣ್ಣನ್ನೆಲ್ಲ ಹೊತ್ತುಕೊಂಡು ಹೋಗಿ ಸಮುದ್ರಕ್ಕೆ ಸುರಿಯುತ್ತದೆ. ನೇತ್ರಾಣಿ ದಡದಿಂದ ಸುಮಾರು 19 ಕಿಲೋಮೀಟರ್ ದೂರ ಇರುವುದರಿಂದ ಅಲ್ಲಿ ನೀರು ತಿಳಿ. ಆದರೆ ದಡದ ಹತ್ತಿರ ಇಳಿಯುವವರ, ದೋಣಿಯ ಅಡಿ ನೋಡಲು ಹೋಗುವವರ, ಬಲೆ ಬಿಡಿಸುವವರ ರೆಗ್ಯುಲೇಟರಿನೊಳಗೆ ಈ ಕೆಸರೂ ಹೋಗುತ್ತದೆ. ತೆರೆದ ಪಿಸ್ಟನ್ನಿನ ಕೋಣೆಯಲ್ಲಿ ಮರಳು ಕೂತರೆ ಅದನ್ನು ತೊಳೆದು ತೆಗೆಯುವುದು ಉಪ್ಪನ್ನು ಕರಗಿಸಿದಷ್ಟು ಸುಲಭ ಅಲ್ಲ.

ಹಾಗಾದರೆ ಪಿಸ್ಟನ್ ಯಾಕೆ ಬೇಕು? ಒಳಗಿನ ಭಾಗಗಳು ಕಡಿಮೆ. ಓಡಾಡುವುದು ಒಂದೇ ತುಂಡು. ಗಾಳಿ ಮೊಳೆಯೊಳಗಿಂದ ನೇರ ಹೋಗುವುದರಿಂದ ಬೇಕಾದಷ್ಟು ಹರಿವು. ಅಂಗಡಿಯವರು ಈ ಹರಿವಿನ ಅಂಕಿಯನ್ನು ಹೇಳುವಾಗ ಸ್ವಲ್ಪ ಜಾಸ್ತಿಯೇ ಹುರುಪಾಗುತ್ತಾರೆ. ಲೆಕ್ಕ ನೋಡಿ. ಮೇಲೆ ನಿಮಿಷಕ್ಕೆ 20 ಲೀಟರ್ ಗಾಳಿ ಎಳೆಯುವ ಮನುಷ್ಯ 30 ಮೀಟರಿನಲ್ಲಿ ಅದರ ನಾಲ್ಕು ಪಟ್ಟು, ಅಂದರೆ 80 ಲೀಟರ್ ಎಳೆಯುತ್ತಾನೆ. ಜೊತೆಗಾರನೂ ನಿಮ್ಮ ಸಿಲಿಂಡರಿನಿಂದಲೇ ಉಸಿರಾಡಬೇಕಾಗಿ ಬಂದರೆ 160. ಒಳ್ಳೆಯ ಬ್ಯಾಲೆನ್ಸ್ಡ್ ಫಸ್ಟ್ ಸ್ಟೇಜ್ ಯಾವುದೇ ಇರಲಿ, ಇದರ ಎಷ್ಟೋ ಪಟ್ಟು ಕೊಡುತ್ತದೆ. ಬೈಕಿನ ಸ್ಪೀಡೋಮೀಟರಿನಲ್ಲಿ 160 ಬರೆದಿದೆ ಅಂತ ಘಾಟಿಯ ತಿರುವುಗಳಲ್ಲಿ 160ರಲ್ಲಿ ಹೋಗಲು ಆಗುತ್ತದಾ?

ಕೊಳ್ಳುವಾಗ ನಾನು ಹರಿವಿಗಿಂತ ಹೆಚ್ಚು ನೋಡುವುದು ಒಂದು ಸಣ್ಣ ಮುಳ್ಳನ್ನು. ಡೈವಿಂಗಿನಲ್ಲಿ ಹಾಕಿಕೊಳ್ಳುವ ಜಾಕೆಟಿಗೆ ಗಾಳಿ ತುಂಬುವ ಹೋಸ್ ಇದೆಯಲ್ಲ, ಅದರ ತುದಿಗೆ ಸಿಕ್ಕಿಸುವ ಪುಟ್ಟ ಗೇಜ್ ಸಿಗುತ್ತದೆ. ಅದು ಮಧ್ಯದ ಒತ್ತಡ ತೋರಿಸುತ್ತದೆ. ಸಿಲಿಂಡರ್ ತೆರೆದು ಸೆಕೆಂಡ್ ಸ್ಟೇಜಿನಲ್ಲಿ ಗಾಳಿ ಬಿಡಲು ಇರುವ ಗುಂಡಿಯನ್ನು ನಾಲ್ಕೈದು ಸಲ ಒತ್ತಿ ಬಿಡಬೇಕು. ಒತ್ತಿದಾಗ ಮುಳ್ಳು ಕೆಳಗೆ ಹಾರುತ್ತದೆ. ಬಿಟ್ಟಾಗ ಪಟ್ಟನೆ ಮೇಲೆ ಬಂದು, ಉದಾಹರಣೆಗೆ 9.5ರಲ್ಲಿ, ಮೊಳೆ ಹೊಡೆದ ಹಾಗೆ ನಿಲ್ಲಬೇಕು. ನಿಂತ ಮೇಲೂ 9.6, 9.8, 10 ಅಂತ ನಿಧಾನ ತೆವಳುತ್ತಿದ್ದರೆ ಒಳಗೆ ಬಿಲ್ಲೆ ಸವೆದಿದೆ, ವಾಲ್ವ್ ಪೂರ್ತಿ ಮುಚ್ಚುತ್ತಿಲ್ಲ ಎಂದು ಅರ್ಥ. ಹಾಗೆ ಏರುತ್ತಾ ಹೋದರೆ ಕೊನೆಗೆ ಸೆಕೆಂಡ್ ಸ್ಟೇಜ್ ತಾನಾಗಿ ತೆರೆದು ಗಾಳಿ ಹೊರಗೆ ಬಿಡುತ್ತದೆ. ಅದನ್ನು ಹಾಗೆಯೇ ಮಾಡಿದ್ದಾರೆ. ಕೆಟ್ಟರೆ ಗಾಳಿ ನಿಲ್ಲುವ ಬದಲು ಜಾಸ್ತಿ ಬರಲಿ ಎಂದು. ಪಿಸ್ಟನ್ನಿಗೂ ಡಯಾಫ್ರಮ್ಮಿಗೂ ಈ ಪರೀಕ್ಷೆ ಒಂದೇ. ಸೆಕೆಂಡ್ ಹ್ಯಾಂಡ್ ಮಾಲು ಮಾರುವವರು ಈ ಗೇಜ್ ಹಾಕಲು ಬಿಡದಿದ್ದರೆ ವಾಪಸ್ ಬನ್ನಿ.

ಡಯಾಫ್ರಮ್ಮಿಗೆ ಇನ್ನೊಂದು ಅನುಕೂಲ. ಹೆಚ್ಚಿನವುಗಳಲ್ಲಿ ಮಧ್ಯದ ಒತ್ತಡವನ್ನು ಹೊರಗಿನಿಂದ ಒಂದು ಅಲೆನ್ ಕೀಯಲ್ಲಿ ತಿರುಗಿಸಿ ಸರಿಮಾಡಬಹುದು. ಪಿಸ್ಟನ್ನಿನಲ್ಲಿ ಸಾಮಾನ್ಯವಾಗಿ ಬಿಚ್ಚಿ ಸ್ಪ್ರಿಂಗಿನಡಿ ತೆಳು ಬಿಲ್ಲೆ ಸೇರಿಸಬೇಕು, ಇಲ್ಲ ತೆಗೆಯಬೇಕು. ಆದರೆ ಇದು ರಿಪೇರಿಯವರ ಅನುಕೂಲ, ನಮ್ಮದಲ್ಲ. ಮದ್ದಿನ ಪಂಪ್ ಬಿಚ್ಚಿ ಜೋಡಿಸಲು ಬರುತ್ತದೆ ಅಂತ ದಯವಿಟ್ಟು ಇದನ್ನು ಮನೆಯಲ್ಲಿ ಬಿಚ್ಚಬೇಡಿ. ಪಂಪ್ ಸೋರಿದರೆ ಮುಂಡು ನೀಲಿಯಾಗುತ್ತದೆ ಅಷ್ಟೇ.

ತೊಳೆಯುವ ಕ್ರಮ ಎರಡಕ್ಕೂ ಒಂದೇ. ಸಿಲಿಂಡರಿಗೆ ಕೂರುವ ಬಾಯಿಗೆ ಮುಚ್ಚಳವನ್ನು ಒಣಗಿಸಿ ಗಟ್ಟಿಯಾಗಿ ಹಾಕಿ. ಸಿಹಿನೀರಿನಲ್ಲಿ ಮುಳುಗಿಸಿಡಿ. ನೀರಿನಲ್ಲಿ ಇರುವಾಗ ಸೆಕೆಂಡ್ ಸ್ಟೇಜಿನ ಗುಂಡಿ ಒತ್ತಬೇಡಿ, ಒತ್ತಿದರೆ ನೀರು ಹೋಸಿನೊಳಗೆ ಇಳಿಯುತ್ತದೆ. ಪಿಸ್ಟನ್ ಆದರೆ ಫಸ್ಟ್ ಸ್ಟೇಜಿನ ತೂತುಗಳಿಗೆ ಪೈಪಿನಲ್ಲಿ ಮೆತ್ತಗೆ ನೀರು ಬಿಟ್ಟು ಅಲ್ಲಾಡಿಸಿ. ಆಮೇಲೆ ನೆರಳಲ್ಲಿ ಒಣಗಿಸಿ. ಅಡಿಕೆ ಒಣಗಿಸುವ ಅಂಗಳದ ಬಿಸಿಲು ರಬ್ಬರಿಗೆ ಒಳ್ಳೆಯದಲ್ಲ. ವರ್ಷಕ್ಕೊಮ್ಮೆಯೋ ಎರಡು ವರ್ಷಕ್ಕೊಮ್ಮೆಯೋ, ಕಂಪನಿ ಹೇಳಿದ ಹಾಗೆ ಸರ್ವೀಸ್ ಮಾಡಿಸಿ.

ಈಗ ಮೂಲ ಪ್ರಶ್ನೆ. ನೀವು ನಮ್ಮ ಹಾಗೆ ಕಾಸರಗೋಡಿನ ಒಳನಾಡಿನವರು, ವರ್ಷಕ್ಕೆ ನಾಲ್ಕೈದು ಸಲ ಸುಮಾರು 200 ಕಿಲೋಮೀಟರ್ ದೂರದ ಮುರುಡೇಶ್ವರಕ್ಕೆ ಹೋಗಿ ಬರುವವರು, ಉಳಿದ ತಿಂಗಳು ಸಾಮಾನು ಕಪಾಟಿನಲ್ಲಿ ಮಳೆಗಾಲ ಕಳೆಯುತ್ತದೆ ಅಂದರೆ ಸೀಲ್ ಮಾಡಿದ ಬ್ಯಾಲೆನ್ಸ್ಡ್ ಡಯಾಫ್ರಮ್ ತಗೊಳ್ಳಿ. ಸೋಮಾರಿತನಕ್ಕೆ ಅದು ಸ್ವಲ್ಪ ಜಾಗ ಕೊಡುತ್ತದೆ. ದಿನಾ ನೀರಿಗಿಳಿಯುವ, ದಿನಾ ತೊಳೆಯುವ, ಪಕ್ಕದಲ್ಲೇ ರಿಪೇರಿಯವರು ಇರುವ ಜನಕ್ಕೆ ಪಿಸ್ಟನ್ ಏನೂ ಕಡಿಮೆ ಇಲ್ಲ. ಇನ್ನೊಂದು ಮಾತು, ಯಾವ ಕಂಪನಿಯ ಬಿಡಿಭಾಗ ನಿಮ್ಮ ರಿಪೇರಿಯವರ ಕೈಗೆ ಬೇಗ ಸಿಗುತ್ತದೆ ಎಂದು ಮೊದಲು ಕೇಳಿ. ನನ್ನದಕ್ಕೆ ಆ ಸಾಸಿವೆಯಂಥ ಗುಳ್ಳೆ ನಿಲ್ಲಿಸುವ ಓ ರಿಂಗ್ ಬರುವಷ್ಟರಲ್ಲಿ ದೀಪಾವಳಿ ಕಳೆದಿತ್ತು.

ಹಳೆಯ ಪಿಸ್ಟನ್ ಈಗಲೂ ಇದೆ. ಬಿಲ್ಲೆ, ಓ ರಿಂಗ್, ಸ್ಪ್ರಿಂಗ್ ಎಲ್ಲ ಹೊಸತು. ಗೇಜಿನ ಮುಳ್ಳು 9.5ರಲ್ಲಿ ಕದಲದೆ ನಿಲ್ಲುತ್ತದೆ. ಬದಲಿಸಿದ ಹಳೆಯ ಸ್ಪ್ರಿಂಗನ್ನು ಎಸೆಯಲು ಹೊರಟಾಗ ಅಪ್ಪ ಕೈಯಿಂದ ತಗೊಂಡರು. ಹೆಬ್ಬೆರಳಲ್ಲಿ ಒತ್ತಿ ನೋಡಿದರು, ಒಂದಿಷ್ಟೂ ಬಗ್ಗಲಿಲ್ಲ. "ಒಳ್ಳೆ ಗಟ್ಟಿ ಉಂಟು, ಪಂಪಿಗೆ ಎಲ್ಲಿಯಾದರೂ ಆದೀತು" ಅಂತ ಮೊಳೆ ಡಬ್ಬಿಗೆ ಹಾಕಿಟ್ಟಿದ್ದಾರೆ.